ಎರಡು ಸೆಟ್ಟಿಗೆ ಒಂದೇ ಐಡಿ

ಹರ್ಷವರ್ಧನ ಮತ್ತೆ ಅದೇ ವಾಕಿಟಾಕಿ ಹಿಡಿದುಕೊಂಡು ದುರ್ಗಿಗುಡಿಯ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಅಲ್ಲಿನ ಟೆಕ್ನಿಷಿಯನ್ ಅಮೂಲ್ಯ ಬಂದ ನಗುವನ್ನು ನುಂಗಿಕೊಂಡಳು.

“ಏನಾಗಿದೆ ಸಾರ್ ಇದಕ್ಕೆ?”

“ಕರಕರ ಅನ್ನುತ್ತೆ ಮೇಡಂ.”

ಅದೇನೂ ಕರಕರ ಅನ್ನುತ್ತಿರಲಿಲ್ಲ. ಭದ್ರಾವತಿಯ ಫೌಂಡ್ರಿಯೊಂದರ ಸೇಫ್ಟಿ ಆಫೀಸರ್ ಅವನು. ಸೆಟ್ ರಿಪೇರಿಗೆ ಯಾರನ್ನಾದರೂ ಕಳಿಸಿದರೆ ಸಾಕಿತ್ತು. ತಾನೇ ಬರುತ್ತಿದ್ದ, ಅದೂ ಇಸ್ತ್ರಿ ಮಾಡಿದ ಶರ್ಟಿನಲ್ಲಿ.

ಅಂದು ಫೌಂಡ್ರಿಯ ಹೊಸ ಸೆಟ್ಟುಗಳೂ ಮೇಜಿನ ಮೇಲಿದ್ದವು. ಮೊದಲು ಹರ್ಷವರ್ಧನನ ಹೊಸ ಸೆಟ್ಟಿಗೆ ಚಾನೆಲ್, ಸೆಟ್ಟಿಂಗ್ ಎಲ್ಲ ತುಂಬಿ, ಅದನ್ನೇ ಉಳಿದವಕ್ಕೆ ಕಾಪಿ ಮಾಡಿ, ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಐಡಿ ಕೊಡುವುದು ಅಮೂಲ್ಯಳ ಪದ್ಧತಿ. ಯಾರು ಬಟನ್ ಒತ್ತಿದರೂ ಕಂಟ್ರೋಲ್ ರೂಮಿನ ಪರದೆಯಲ್ಲಿ ಅವರ ಹೆಸರು ಮೂಡುವುದು ಆ ಐಡಿಯಿಂದಲೇ.

“ಇಬ್ಬರಿಗೆ ಒಂದೇ ಐಡಿ ಕೊಟ್ರೆ ಏನಾಗುತ್ತೆ?” ಅವನು ಕುರ್ಚಿ ಎಳೆದುಕೊಂಡು ಕೂತ.

“ಯಾರು ಕರೆದ್ರೂ ಒಬ್ಬರ ಹೆಸರೇ ಬರುತ್ತೆ.”

“ನಿಮಗೂ ನನಗೂ ಒಂದೇ ಕೊಟ್ಬಿಡಿ. ನೀವು ಕರೆದ್ರೆ ನನ್ನ ಹೆಸರು ಬರ್ಲಿ.”

ಅವಳು ತಲೆ ಎತ್ತಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಅವಳೇ ತಪ್ಪಿಸಬೇಕಾಯಿತು. ಕೆನ್ನೆ ಬಿಸಿಯಾಗಿ, ಕೈಲಿದ್ದ ಸೆಟ್ಟನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

ಆಮೇಲೆ ಅವನ ಸುದ್ದಿಯೇ ಇಲ್ಲ. ಹೊಸ ಸೆಟ್ಟುಗಳು ಕೆಡಲೇ ಇಲ್ಲ, ಅವನಿಗೆ ಬರಲು ನೆಪವೂ ಉಳಿಯಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳ ಎದೆ ಹಾರುತ್ತಿತ್ತು, ಬರುತ್ತಿದ್ದವರು ಬೇರೆ ಯಾರೋ. ತನ್ನ ಕೆಲಸ ಇಷ್ಟು ಅಚ್ಚುಕಟ್ಟಾಗಿದ್ದುದಕ್ಕೆ ಅವಳಿಗೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ಫೌಂಡ್ರಿಯ ಕಂಟ್ರೋಲ್ ರೂಮಿನಿಂದ ಫೋನ್. “ಮೇಡಂ, ಹರ್ಷ ಸಾರ್ ಎಮರ್ಜೆನ್ಸಿ ಒತ್ತಿದಾರೆ. ಪರದೆ ಕೆಂಪಗಾಗಿದೆ, ಸಾರ್ ಮಾತೇ ಆಡ್ತಿಲ್ಲ. ಏನ್ ಮಾಡ್ಲಿ?” ಅವಳು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು.

ಹರ್ಷವರ್ಧನನ ಮೊಬೈಲ್ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

ಅಂಗಡಿಯ ಮಾಲೀಕ ರೇಣುಕಾಪ್ರಸಾದರಿಗೆ ಹೇಳಿದಳೋ ಇಲ್ಲವೋ, ಸ್ಕೂಟಿ ಭದ್ರಾವತಿ ರಸ್ತೆ ಹಿಡಿದಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಗೇಟಿನಲ್ಲಿ ‘ನೀವು ಯಾರು’ ಎಂದು ಕೇಳಿದರೆ ಏನು ಹೇಳುವುದು? ವಾಕಿಟಾಕಿ ಅಂಗಡಿಯವಳು ಎನ್ನುವುದೇ? ಅಷ್ಟೇ ಆಗಿದ್ದರೆ ಕೆಲಸ ಬಿಟ್ಟು ಯಾಕೆ ಹೀಗೆ ಓಡಿಬರಬೇಕು? ಅವನಿಗೇನಾದರೂ ಆಗಿದ್ದರೆ ಎಂದು ಯೋಚಿಸುವುದಕ್ಕೂ ಅವಳಿಗೆ ಧೈರ್ಯವಾಗಲಿಲ್ಲ. ಅವನು ಬೇಕು, ಅವನೇ ಬೇಕು ಎನ್ನುವುದು ಮಾತ್ರ ಆ ಬಿಸಿಲಲ್ಲಿ ಸ್ಪಷ್ಟವಾಗಿತ್ತು.

ಗೇಟಿನ ಹತ್ತಿರ ಆಂಬುಲೆನ್ಸನ್ನು ಬೀಳ್ಕೊಟ್ಟು ನಿಂತಿದ್ದವನು ಹರ್ಷವರ್ಧನನೇ. ಮೈಯೆಲ್ಲ ಮಸಿ, ಆದರೆ ಸುಖವಾಗಿದ್ದ.

“ಫೋನ್ ಎತ್ತೋಕೇನು ರೋಗ ಮಾರಾಯ ನಿಂಗೆ?”

ಗೇಟಿನ ಕಾವಲುಗಾರ ಅವಳ ಕಡೆ ತಿರುಗಿ ನೋಡಿದ. ಮೇಡಂ-ಸಾರ್ ಎಲ್ಲ ಒಂದೇ ಮಾತಿಗೆ ಹಾರಿಹೋಗಿತ್ತು.

“ನಂಗೇನೂ ಆಗಿಲ್ಲ,” ಅವನು ಮೆಲ್ಲಗೆ ಹೇಳಿದ. “ಕ್ಯಾಂಟೀನಲ್ಲಿದ್ದೆ. ಎಲ್ಲ ನನ್ನ ಹುಡುಕ್ಕೊಂಡು ಅಲ್ಲಿಗೆ ಬಂದ್ರು. ಬಟನ್ ಒತ್ತಿದ್ದು ಕ್ರೇನ್ ಓಡಿಸೋ ಮಲ್ಲಿಕ್, ಸೆಟ್ ಅವನ ಕೈಗೆ ಬಂದಿದ್ದೇ ಇವತ್ತು. ಕ್ಯಾಬಿನ್ ತುಂಬ ಹೊಗೆ. ಅವನೇ ಅಂತ ಗೊತ್ತಾಗೋದು ತಡವಾಯ್ತು. ಅವನನ್ನ ಕೆಳಗಿಳಿಸೋ ಗಡಿಬಿಡೀಲಿ ಫೋನ್ ಕೇಳಿಸ್ಲೇ ಇಲ್ಲ. ಕೆಮ್ಮು ಬಿಟ್ರೆ ಆರಾಮಾಗಿದಾನೆ, ಆಸ್ಪತ್ರೆಗೆ ಬರಲ್ಲ ಅಂತ ಆಂಬುಲೆನ್ಸ್ ವಾಪಸ್ ಕಳಿಸ್ದ.”

ಅವಳಿಗೆ ಥಟ್ಟನೆ ನೆನಪಾಯಿತು. ಅಂದು ಕೈಲಿದ್ದ ಸೆಟ್ಟು. ಕಾಪಿ ಮಾಡಿದ್ದಳು, ಐಡಿ ಬದಲಿಸಿರಲಿಲ್ಲ.

“ಹಂಚೋವಾಗ ನಾನೇ ಅದಲುಬದಲು ಮಾಡಿದೀನಿ ಅಂತ ಮ್ಯಾನೇಜರ್‌ಗೆ ಹೇಳಿದೀನಿ,” ಎಂದ ಅವನು. “ನೀವು ಸುಮ್ಮನಿರಿ. ಇಲ್ದಿದ್ರೆ ನಿಮ್ಮ ಕೆಲಸ ಹೋಗುತ್ತೆ.”

ಸುಮ್ಮನಿರೋಣ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

“ಇನ್ನೆಷ್ಟು ಸೆಟ್ ಹೀಗೆ ಬಿಟ್ಟಿದೀನೋ ನಂಗೇ ಗೊತ್ತಿಲ್ಲ,” ಎಂದಳು. “ಬಾಯಿ ಮುಚ್ಕೊಂಡಿದ್ರೆ ನಾಳೆ ಇನ್ನೊಬ್ಬರು ಹೊಗೇಲಿ ಕೂತಿರ್ತಾರೆ. ನಂಗೋಸ್ಕರ ಸುಳ್ಳು ಹೇಳಿದ್ರಲ್ಲ, ಖುಷಿಯಾಯ್ತು. ಆದ್ರೆ ಬೇಡ.”

ಮ್ಯಾನೇಜರ್ ಶಿವಯೋಗಪ್ಪ ಎಲ್ಲವನ್ನೂ ಕೇಳಿದರು, ಕೂಗಾಡಲಿಲ್ಲ. “ಇವತ್ತೇ ಎಲ್ಲ ಸೆಟ್ ಸರಿ ಮಾಡಿಕೊಟ್ಟು ಹೋಗಮ್ಮ. ಇನ್ಮುಂದೆ ನಿಮ್ಮ ಅಂಗಡಿಗೆ ನಮ್ಮ ಕೆಲಸ ಇಲ್ಲ. ರೇಣುಕಾಪ್ರಸಾದ್‌ಗೂ ನಾನೇ ಫೋನ್ ಮಾಡ್ತೀನಿ.”

ಕಂಟ್ರೋಲ್ ರೂಮಿನಲ್ಲಿ ಅವನು ಒಂದೊಂದೇ ಸೆಟ್ ಕೈಗಿಡುತ್ತ ಹೋದ. ಅವಳು ಪರದೆಯ ಮೇಲೆ ಹೆಸರು ಮೂಡಿಸಿ ನೋಡಿ ಪಕ್ಕಕ್ಕಿಟ್ಟಳು. ಬೆರಳಿಗೆ ಬೆರಳು ತಾಗಿತು, ಇಬ್ಬರೂ ಗಮನಿಸದವರಂತೆ ಕೂತರು. ತಪ್ಪಿದ್ದು ಮಲ್ಲಿಕ್‌ನದೊಂದೇ. ಅವನೇ ಕೆಮ್ಮುತ್ತ ಬಂದು ಬಟನ್ ಒತ್ತಿ, ಪರದೆಯಲ್ಲಿ ತನ್ನ ಹೆಸರು ನೋಡಿದ.

“ಈಗ ನಾನು ನಾನೇ ಆದೆ, ಬಿಡಿ ಮೇಡಂ,” ಎಂದು ನಕ್ಕ. ಅಷ್ಟು ಹೊತ್ತು ತಡೆದಿದ್ದ ಅಳು ಅವಳಿಗೆ ಆಗ ಬಂತು.

ಹರ್ಷವರ್ಧನ ಅವಳ ಸ್ಕೂಟಿಯವರೆಗೂ ಬಂದ.

“ಆ ಕರಕರ ಸುಳ್ಳು.”

“ಸೆಟ್ ಬಿಚ್ಚಿ ನೋಡಿದೋಳಿಗೆ ಗೊತ್ತಾಗಲ್ವಾ?”

“ನಿಮ್ಮನ್ನ ನೋಡದೆ ಇರೋಕಾಗ್ತಿಲ್ಲ ಅಮೂಲ್ಯ. ಇನ್ಮೇಲೆ ಏನು ನೆಪ ಹೇಳ್ಕೊಂಡು ಬರ್ಲಿ?”

“ಅಂಗಡಿಗೆ ಬರಬೇಡಿ.” ಅವಳು ಕೀಲಿ ತಿರುವಿದಳು, ಸ್ಟಾರ್ಟ್ ಮಾಡಲಿಲ್ಲ. “ಮನೆಗೆ ಬನ್ನಿ. ಅಮ್ಮನ್ನ ಕರ್ಕೊಂಡು.”

ಮಸಿ ಹಿಡಿದ ಆ ಮುಖದಲ್ಲಿ ನಗು ಅರಳಿತು. “ಭಾನುವಾರ ಬರ್ತೀವಿ.”

“ಭಾನುವಾರದ ತನಕ ಯಾಕೆ? ನಾಳೆ ನಂಗೆ ಕೆಲಸ ಇರೋದೇ ಅನುಮಾನ,” ಎಂದಳು ಅಮೂಲ್ಯ. “ಮನೇಲೇ ಇರ್ತೀನಿ. ನಾಳೆನೇ ಬನ್ನಿ.”