ಬೆಂಚಿನ ಇನ್ನೊಂದು ತುದಿ

ಮಂಗಳವಾರ ಹನ್ನೊಂದು ಗಂಟೆಗೆ ನಿಘಂಟು ಕಚೇರಿಯ ಮೂರನೇ ಮಹಡಿಗೆ ಒಂದು ಮರದ ಕುದುರೆ ಬಂತು. ಕೆಳಗಿನ ಸಾಮಾನು ಕೋಣೆ ನೋಡಿಕೊಳ್ಳುವ ಸ್ಟೋರಿನವನು ಅದನ್ನು ಹೆಗಲ ಮೇಲೆ ಹೊತ್ತು, ಅರವತ್ತೆರಡು ಮೆಟ್ಟಿಲು ಹತ್ತಿ, ಸಮಿತಿಯ ಮುಂದೆ ಇಳಿಸಿ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದ: "ಇದೇ ಇರಬೇಕು, ಸಾರ್."

ಮೇಜಿನ ಆಚೆ ಕೂತಿದ್ದ ಕೆಂಪಿಂಕು ಕಣ್ಣು ಮುಚ್ಚಿಕೊಂಡಳು.

ಆ ಹೆಸರು ಬಂದದ್ದು ಅವಳ ಪೆನ್ನಿನಿಂದ. ಯಾರು ಏನು ಬರೆದು ತಂದರೂ ಕೆಂಪು ಗೆರೆ ಎಳೆಯದೆ ಬಿಟ್ಟವಳಲ್ಲ. ತನ್ನನ್ನು ಮೆಚ್ಚಿ ಒಬ್ಬ ಬರೆದ ಪತ್ರವನ್ನೂ ನಾಲ್ಕು ಕಡೆ ತಿದ್ದಿ, ಹತ್ತಕ್ಕೆ ಮೂರು ಅಂಕ ಕೊಟ್ಟು ವಾಪಸು ಕಳಿಸಿದ್ದಳು. "ನಿನ್ನ ಪಕ್ಕ ಕೂರೋ ಯೋಗ್ಯತೆ ಯಾರಿಗೂ ಇಲ್ಲ ಅಂದ್ಕೊಂಡಿದೀಯಾ?" ಎಂದು ಚಿಕ್ಕಮ್ಮ ಕೇಳಿದರೆ, "ಹೌದು" ಎನ್ನುತ್ತಿದ್ದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಅವಳ ಚೀಲ ಕೂರುತ್ತಿತ್ತು.

ನಮ್ಮ ಬಾಯಲ್ಲಿ ಬಿಡಾರ ಹೂಡಿರುವ ಇಂಗ್ಲಿಷ್ ಪದಗಳಿಗೆಲ್ಲ ಅರ್ಥ ಬರೆಯುವುದು ಆ ಕಚೇರಿಯ ಕೆಲಸ. ಪ್ರಧಾನ ಸಂಪಾದಕರು ಒಂದು ನಿಯಮ ಮಾಡಿದ್ದರು. ಪದವನ್ನು ಮುಚ್ಚಿಟ್ಟು, ಬರೀ ಅರ್ಥವನ್ನು ಸ್ಟೋರಿನವನಿಗೆ ಕೊಡಬೇಕು. ಅದನ್ನೋದಿ ಅವನು ಸರಿಯಾದ ವಸ್ತು ತಂದರೆ ಅರ್ಥ ಪಾಸು. ಮೂರು ಸಲ ತಪ್ಪಿದರೆ ಪದ ಇನ್ನೊಬ್ಬರಿಗೆ ಹೋಗುತ್ತದೆ, ಪುಸ್ತಕದ ಮೇಲೆ ಆ ಇನ್ನೊಬ್ಬರ ಹೆಸರೂ ಬರುತ್ತದೆ.

ಇನ್ನೊಬ್ಬರು ಅಂದರೆ ಸಂಪಾದಕರ ಅಳಿಯ. 'ಟೇಬಲ್ಲು: ಟೇಬಲ್ಲಿನಂತೆ ಬಳಸುವ ಒಂದು ಬಗೆಯ ಟೇಬಲ್ಲು' ಎಂದು ಬರೆದು ಮಾವನಿಂದ ಬೆನ್ನು ತಟ್ಟಿಸಿಕೊಂಡ ಮಹಾನುಭಾವ. ಹನ್ನೊಂದು ವರ್ಷದ ತನ್ನ ದುಡಿಮೆಯ ಮೇಲೆ, ತನ್ನ ಹೆಸರಿನ ಪಕ್ಕ, ಆ ಹೆಸರು ಕೂರುವುದು ಕೆಂಪಿಂಕುವಿಗೆ ಕನಸಿನಲ್ಲೂ ಬೇಡವಾಗಿತ್ತು.

ಇಡೀ ನಿಘಂಟಿನಲ್ಲಿ ಉಳಿದಿದ್ದ ಕಡೇ ವಸ್ತು ಬೆಂಚು. ಸುಲಭದ್ದು ಎಂದು ಎಲ್ಲರೂ ಅದರ ಮೇಲೆ ಕೂತು ಕಾಲ ಕಳೆದಿದ್ದರು.

ಮೊದಲ ಸಲ ಅವಳು 'ಕೂರಲು ಬರುವ ಉದ್ದನೆಯ ವಸ್ತು' ಎಂದು ಬರೆದಾಗ ಅವನು ಏಣಿ ತಂದ. "ಮಲಗಿಸಿದ್ರೆ ಕೂರಬಹುದು. ಬೆಳಗ್ಗೆಯಿಂದ ಕೂತು ನೋಡಿದೀನಿ" ಎಂದ. ಎರಡನೇ ಸಲ 'ಮರದ್ದು, ಕಾಲುಳ್ಳದ್ದು, ಬೆನ್ನಿಗೆ ಆಧಾರ ಬೇಕಿಲ್ಲ' ಎಂದು ಸೇರಿಸಿದಳು. ಕುದುರೆ ಬಂತು.

"ನಾಲ್ಕು ಕಾಲಿದೆ" ಎಂದ ಅಳಿಯ, ಕುದುರೆಯ ಬೆನ್ನು ಸವರುತ್ತಾ. "ಪಾಪ, ಅವರದೇನು ತಪ್ಪು?"

ಮಧ್ಯಾಹ್ನ ಅವಳು ಅರವತ್ತೆರಡೂ ಮೆಟ್ಟಿಲು ದಡದಡ ಇಳಿದು ಸ್ಟೋರಿಗೆ ಹೋದಳು. ಅವನು ದೋಣಿಯ ಹುಟ್ಟುಗಳು, ಗಂಟೆಗಳು, ಚಕ್ರಗಳ ನಡುವೆ ಕೂತು ಒಂದು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಅವಳನ್ನು ಕಂಡೊಡನೆ ಎದ್ದು, ಒಂದು ಸ್ಟೂಲಿನ ಧೂಳು ಒರೆಸಿದ. ಅವಳು ಎಂದೂ ಕೂತವಳಲ್ಲ. ಅವನು ಎಂದೂ ಒರೆಸದೆ ಬಿಟ್ಟವನಲ್ಲ.

"ನಿಮಗೆ ತಲೆ ಅನ್ನೋದು ಇದೆಯಾ, ಅಥವಾ ಅದೂ ಸ್ಟೋರಲ್ಲಿ ಸ್ಟಾಕ್ ಇಲ್ವಾ?"

"ಇದೆ ಮೇಡಂ. ಹುಡುಕಬೇಕು."

"ಬೆಂಚು ಅಂತ ಗೊತ್ತಾಗಲಿಲ್ವಾ?"

"ಏಣಿ ದಿನಾನೇ ಗೊತ್ತಾಯ್ತು."

"ಮತ್ತೆ ಕುದುರೆ ಯಾಕೆ ತಂದ್ರಿ?"

ಅವನು ಬೀಗವನ್ನೇ ನೋಡುತ್ತಾ ಹೇಳಿದ: "ಸರಿಯಾಗಿ ತಂದ ದಿನ ನೀವು ಕೆಳಗೆ ಬರಲ್ಲ. ತಪ್ಪು ತಂದ್ರೆ ಬಂದು ಬಯ್ತೀರಿ. ಇದು ಕೊನೇ ಪದ."

ಕೆಂಪಿಂಕು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊಣಕೈಯಲ್ಲಿ ಎಣ್ಣೆ, ಹುಬ್ಬಿನ ಮೇಲೆ ಧೂಳು. ಹುಬ್ಬು ಮಾತ್ರ ಪರವಾಗಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನಿಮ್ಮ ಈ ಹುಚ್ಚಾಟಕ್ಕೆ ನನ್ನ ಹನ್ನೊಂದು ವರ್ಷ ಆ ದಡ್ಡನ ಪಾಲಾಗುತ್ತೆ."

ಅವನ ಮುಖ ಇಳಿಯಿತು. ಹೆಸರಿನ ನಿಯಮ ಅವನಿಗೆ ಯಾರೂ ಹೇಳಿರಲಿಲ್ಲ. "ನಾಳೆ ತಪ್ಪಲ್ಲ" ಎಂದ. ಆಮೇಲೆ, ಸುಮ್ಮನಿರಲಾರದೆ: "ಆದರೆ ಮೇಡಂ, ನಿಮ್ಮ ಅರ್ಥ ನಿಜವಾಗ್ಲೂ ಸರಿಯಿಲ್ಲ. ಒಬ್ಬರೇ ಕೂರೋಕಾದ್ರೆ ಕುರ್ಚಿ ಸಾಕಿತ್ತು. ಇದನ್ನ ಯಾಕೆ ಮಾಡಿದ್ರು ಅಂತ ನೀವು ಬರೆದೇ ಇಲ್ಲ."

"ನಿಮ್ಮಿಂದ ಕಲೀಬೇಕಾ ನಾನು?" ಎಂದು ಅವಳು ಹೊರಟಳು.

ಸಂಜೆ ಚಿಕ್ಕಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ಅಲ್ಲಿ ಉದ್ದಕ್ಕೆ ಒಂದು ಬೆಂಚು, ಅದರ ತುಂಬ ಊದಿದ ಕೆನ್ನೆಗಳು. ಒಬ್ಬೊಬ್ಬರು ಬಂದಾಗಲೂ ಯಾರೋ "ಸ್ವಲ್ಪ ಸರ್ಕೊಳ್ಳಿ" ಎನ್ನುತ್ತಿದ್ದರು. ಪರಿಚಯವೇ ಇಲ್ಲದವರು ಸರಿದು ಜಾಗ ಮಾಡುತ್ತಿದ್ದರು. ಕೆಂಪಿಂಕು ಇಡೀ ಹೊತ್ತು ನಿಂತೇ ಇದ್ದಳು. ಮನೆಗೆ ಬಂದು, ಮೂಗು ಮುರಿದುಕೊಂಡೇ, ಹೊಸ ಅರ್ಥ ಬರೆದಳು.

ಮರುದಿನ ಸಂಪಾದಕರು ಅದನ್ನು ಗಟ್ಟಿಯಾಗಿ ಓದಿದರು: "ಒಬ್ಬರು ಸರಿದು ಇನ್ನೊಬ್ಬರಿಗೆ ಪಕ್ಕದಲ್ಲಿ ಜಾಗ ಕೊಡುವ ಉದ್ದನೆಯ ಆಸನ."

ಸ್ಟೋರಿನವನು ಎಂಟಡಿ ಬೆಂಚನ್ನು ಒಬ್ಬನೇ ಹೊತ್ತು ತಂದ. ಕೋಣೆಯ ನಡುವೆ ಇಳಿಸಿ, ಒಂದು ತುದಿಯಲ್ಲಿ ಕೂತ.

"ಇದು ಪಾಸಾಗಲ್ಲ ಮಾವ" ಎಂದ ಅಳಿಯ. "ಸರಿದು ಜಾಗ ಕೊಡೋದು ಅಂತ ಇದೆ. ಇನ್ನೊಬ್ಬರು ಎಲ್ಲಿ?"

ಸಂಪಾದಕರು ಗಡ್ಡ ಕೆರೆದುಕೊಂಡರು. "ಹೌದಲ್ಲ. ಪ್ರಯೋಗ ಪೂರ್ತಿಯಾಗಲಿಲ್ಲ."

ಯಾರೂ ಏಳಲಿಲ್ಲ. ಅಳಿಯ ಆಗಲೇ ತನ್ನ ಪೆನ್ನಿನ ಮುಚ್ಚಳ ತೆಗೆದಿದ್ದ. ಸ್ಟೋರಿನವನು ನೆಲ ನೋಡುತ್ತಾ, ಏಳಡಿ ಖಾಲಿಯಿದ್ದರೂ, ನಾಲ್ಕು ಬೆರಳಿನಷ್ಟು ಆಚೆ ಸರಿದ.

ಕೆಂಪಿಂಕು ಎದ್ದಳು. ನೆಟ್ಟಗೆ ಅವನ ಮುಂದೆ ಬಂದು ನಿಂತಳು.

"ಇನ್ನೂ ಸ್ವಲ್ಪ ಸರ್ಕೊಳ್ಳಿ."

"ಇನ್ನು ಸರಿದ್ರೆ ಬೀಳ್ತೀನಿ ಮೇಡಂ."

"ಬೀಳಿ. ನನಗೇನು?"

ಹಾಗೆಂದು, ಉಳಿದ ಏಳಡಿಯನ್ನೂ ಬಿಟ್ಟು, ಅವನ ಭುಜಕ್ಕೆ ತಾಗುವಷ್ಟು ಹತ್ತಿರ ಕೂತಳು. ಚೀಲವನ್ನು ನೆಲದ ಮೇಲಿಟ್ಟಳು.

ಸಂಪಾದಕರು ಸಹಿ ಹಾಕಿದರು. ಅಳಿಯ ಪೆನ್ನಿಗೆ ಮುಚ್ಚಳ ಹಾಕಿದ. ಎಲ್ಲರೂ ಊಟಕ್ಕೆ ಹೋದರು. ಇಬ್ಬರು ಮಾತ್ರ ಉಳಿದರು.

"ಇದನ್ನ ಕೆಳಗಿಳಿಸೋಕೆ ಇಬ್ಬರು ಬೇಕು" ಎಂದ ಅವನು.

"ಮೇಲೆ ಒಬ್ಬರೇ ತಂದಿರಲ್ಲ?"

"ಇಳಿಸೋದು ಕಷ್ಟ."

"ಸುಳ್ಳು. ಅದನ್ನೂ ನೆಟ್ಟಗೆ ಹೇಳೋಕೆ ಬರಲ್ಲ ನಿಮಗೆ" ಎಂದಳು ಕೆಂಪಿಂಕು, ತಾತ್ಸಾರದಿಂದ. ಚೀಲವನ್ನು ಅವನ ಕೊರಳಿಗೆ ತೂಗುಹಾಕಿ, ಬೆಂಚಿನ ಇನ್ನೊಂದು ತುದಿ ಎತ್ತಿದಳು.