ಷೀ ಜಿನ್‌ದೆ ಹೆಸರಿನಲ್ಲೊಂದು ಕ್ಷಮಾಪಣೆ

ಷೀ ಜಿನ್‌ದೆ ಕ್ಷಮೆ ಕೇಳಿದ ಎಂದರೆ ನಮ್ಮ ಲುಗಾಂಗ್ ಊರಿನಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಲಿಲ್ಲ. ಆದರೆ ಬುಧವಾರ ಬೆಳಿಗ್ಗೆ ನಮ್ಮ ಊರಿನ ಹಳೆಯ ಕಥೆಗಳ ವೆಬ್‌ಸೈಟಿನಲ್ಲಿ ಅವನದೇ ಹೆಸರಿನ ಬರಹವಿತ್ತು:

"ಕೋ, ಆ ಫೋಟೋ ನೀನು ಕದ್ದಿರಲಿಲ್ಲ. ಅಮ್ಮನೇ ನಿನಗೆ ಕೊಟ್ಟಿದ್ದಳು. ತಪ್ಪು ನನ್ನದು."

ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಒಂಬತ್ತಕ್ಕೆಲ್ಲ ಜಿನ್‌ದೆ ನನ್ನ ಬಾಗಿಲಲ್ಲಿದ್ದ. ತಾಯಿ ತೀರಿ ಹದಿನೈದು ದಿನ, ತೋಳಿನಲ್ಲಿ ಶೋಕದ ಪಟ್ಟಿ.

"ನಾನು ಬರೆದಿಲ್ಲ ಅಕ್ಕ. ನನ್ನ ಹೆಸರನ್ನೇ ಯಾರೋ ಕದ್ದಿದ್ದಾರೆ. ಯಾರು ಅಂತ ಹುಡುಕಿ ಕೊಡು."

ನಮ್ಮಲ್ಲಿ ಪಾಸ್‌ವರ್ಡ್ ಇಲ್ಲ. ಬರೆಯುವವರು ತಮ್ಮ ಬ್ಲಾಗಿನ ವಿಳಾಸ ಕೊಟ್ಟರೆ ಸಾಕು. ಆ ಬ್ಲಾಗಿನ ಪುಟದಲ್ಲಿ ಯಾವ ಸರ್ವರ್ ಯಂತ್ರದ ವಿಳಾಸ ಇದೆಯೋ ಅದು 'ಇವರು ಇವರೇ' ಎಂದು ಸಾಕ್ಷಿ ಹೇಳುತ್ತದೆ. ಉಳಿದವರು ಯಾವುದೋ ಕಂಪನಿಯ ಸಾಕ್ಷಿ ನೆಚ್ಚಿಕೊಂಡರೆ ಈ ಮಹರಾಯನಿಗೆ ಅದು ಆಗದು. ಮನೆಗೇ ಸೇರಿದ ತನ್ನ ದೀಪದ ಅಂಗಡಿಯ ಅಟ್ಟದಲ್ಲಿ ಸ್ವಂತ ಯಂತ್ರವನ್ನೇ ಇಟ್ಟುಕೊಂಡಿದ್ದ.

* * *

ಮೊದಲ ಅನುಮಾನ ಕೋ ಮೇಲೆಯೇ. ಮೂರು ವರ್ಷದ ಹಿಂದೆ ಜಿನ್‌ದೆ ತನ್ನ ಮನೆಯ ಫೋಟೋವೊಂದು ಈ ಗೆಳೆಯನ ಬಳಿ ಕಂಡು ಅವನನ್ನು ಎಲ್ಲರೆದುರು ಕಳ್ಳ ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅದಕ್ಕೂ ಮುಂಚೆ ಅಟ್ಟದ ಯಂತ್ರವನ್ನು ಜೋಡಿಸಿಕೊಟ್ಟವನೂ ಈ ಕೋನೇ.

ಹೋದೆ. ಅವನು ಆ ಬರಹವನ್ನು ಪ್ರಿಂಟ್ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದ. ನೂಡಲ್ ಗಂಜಿ ಮುಂದೆಯೇ ಆರಿಹೋಗಿತ್ತು.

"ಜಿನ್‌ದೆ ಅಮ್ಮ ಕೊಟ್ಟಿದ್ದು ಅಂತ ನಾನು ಯಾರಿಗೂ ಬಾಯಿಬಿಟ್ಟಿರಲಿಲ್ಲ," ಎಂದ. "ಅವರಿಗೆ ಮನೇಲಿ ಬೈಗುಳ ಯಾಕೆ ಅಂತ. ಇವನಿಗೆ ಹೇಗೆ ಗೊತ್ತಾಯ್ತು?"

ನಾಲ್ಕು ಗಂಟೆಗೆ ಜಿನ್‌ದೆಯ ಮನೆಗೆ, ಆ ಅಮ್ಮನ ಪಟಕ್ಕೆ ಧೂಪ ಹಚ್ಚಲು ಹೋಗುತ್ತಾನಂತೆ. ಸುಳ್ಳು ಕ್ಷಮಾಪಣೆಯನ್ನು ನಂಬಿ ಹೋದವನನ್ನು ಜಿನ್‌ದೆ ಬಾಗಿಲಿನಿಂದಲೇ ಅಟ್ಟಿಬಿಟ್ಟರೆ?

* * *

ದಾಖಲೆ ತೆಗೆದೆ. ಬರಹ ಬಂದದ್ದು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಸಾಕ್ಷಿ ಹೇಳಿದ್ದು ಅಟ್ಟದ ಯಂತ್ರವಲ್ಲ, ಇಂಟರ್ನೆಟ್ಟಿನ ಯಾವುದೋ ಪುಕ್ಕಟೆ ಸೇವೆ.

ಎಲ್ಲರ ಬ್ಲಾಗುಗಳನ್ನೂ ನಾನು ಗಂಟೆಗೊಮ್ಮೆ ನಕಲು ಮಾಡಿಡುತ್ತೇನೆ. ಎರಡು ಗಂಟೆಯ ನಕಲಿನಲ್ಲಿ ಜಿನ್‌ದೆಯ ಪುಟ ಬಣ್ಣಬಣ್ಣವಾಗಿತ್ತು. ಮೂರರ ನಕಲಿನಲ್ಲಿ ಶೋಕಕ್ಕೆಂದು ಬೂದು ಬಣ್ಣವಾಗಿತ್ತು. ಸಾಕ್ಷಿಯ ವಿಳಾಸವೂ ಬೇರೆಯಾಗಿತ್ತು. ನಾಲ್ಕರ ನಕಲಿನಲ್ಲಿ ಹಳೆಯ ವಿಳಾಸ ಮರಳಿತ್ತು, ಬೂದು ಹಾಗೇ ಇತ್ತು.

ಪುಟಕ್ಕೆ ಬೂದು ಬಣ್ಣ ಹಾಕಿದ್ದು ಯಾರು ಎಂದು ಜಿನ್‌ದೆಯನ್ನು ಫೋನಿನಲ್ಲಿ ಕೇಳಿದೆ. ತಂಗಿ ಸುಯಿನ್ ಅಂತೆ. ಆಗ ತಾನು ತಾಯಿಗಾಗಿ ಸೂತ್ರ ಪಠಣಕ್ಕೆ ಕೂತಿದ್ದನಂತೆ.

* * *

ಸುಯಿನ್ ತಾಯಿಯ ಪಟದೆದುರು ಕಾಗದದ ಕಮಲ ಮಡಿಸುತ್ತಿದ್ದಳು. ಅಣ್ಣ ಎದುರಿಗಿದ್ದ.

"ಬೀಗ ಯಾರೂ ಮುರಿದಿಲ್ಲ ಕಣೋ," ಎಂದೆ. "ನೀನು ಅಟ್ಟ ಕಾದೆ. ಸಾಕ್ಷಿ ಯಾರನ್ನ ಕೇಳಬೇಕು ಅನ್ನೋದು ಇದ್ದಿದ್ದು ಪುಟದಲ್ಲಿ. ಆ ಪುಟಾನ ತಂಗಿ ಕೈಗೆ ಕೊಟ್ಟೆ. ಅಲ್ಲಿ ವಿಳಾಸ ಬದಲಿಸಿದ್ರೆ ಯಾರು ಬೇಕಾದ್ರೂ ನಿನ್ನ ಹೆಸರಲ್ಲಿ ಬರೀಬಹುದು. ಫೋಟೋ ವಿಷಯ ಅಮ್ಮನಿಗೂ ಕೋಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕೊನೇ ದಿನಗಳಲ್ಲಿ ಅಮ್ಮನ ಪಕ್ಕ ಕೂತಿದ್ದೋರು ಯಾರು?"

ಸುಯಿನ್ ತಲೆ ಎತ್ತಿದಳು. "ನಾನೇ ಅಣ್ಣ. ಅಮ್ಮ ಹೇಳು ಅಂದಿದ್ದಳು. ಹೇಳೋಕೆ ಮೂರು ಸಲ ಬಂದೆ. ಕೋ ಹೆಸರು ಎತ್ತಿದ ಕೂಡಲೇ ನೀನು ಎದ್ದು ಹೋದೆ."

ಜಿನ್‌ದೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಗಂಟೆ ಮೂರೂವರೆ. ಆ ಬರಹ ಅಳಿಸಲೇ ಎಂದು ಕೇಳಿದೆ. ಅವನು ಎದ್ದು ಅಟ್ಟ ಹತ್ತಿದ. ಸುಯಿನ್ ಅಳತೊಡಗಿದಳು. ಕೋನನ್ನು ದಾರಿಯಲ್ಲೇ ತಡೆಯೋಣವೆಂದು ನಾನು ಎದ್ದೆ.

ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ವೆಬ್‌ಸೈಟಿನಲ್ಲಿ ಹೊಸ ಬರಹ, ಈ ಸಲ ಸಾಕ್ಷಿ ಅಟ್ಟದ ಯಂತ್ರದ್ದೇ:

"ಮೇಲಿನದು ನಾನು ಬರೆದದ್ದಲ್ಲ. ಅದನ್ನು ಮೂರು ವರ್ಷದ ಹಿಂದೆಯೇ ನಾನು ಬರೆಯಬೇಕಿತ್ತು. ಕೋ, ಮನೆಗೆ ಬಾ."