ಮೂವತ್ತಕ್ಕೆ ಮೂವತ್ತು... ನನಗೆ ಬೇಡ!

"ನೋಡ್ಬೇಡ! ಕಣ್ಣು ಮುಚ್ಚು!"

ಹಿಂದಿನಿಂದ ಬಂದ ಕೈಯೊಂದು ಫ್ಲಾಮಿನಿಯಾಳ ಎರಡೂ ಕಣ್ಣುಗಳನ್ನು ಗಬಕ್ಕನೆ ಮುಚ್ಚಿತು. ಅವಳು ಹಿಂದುಮುಂದು ಯೋಚಿಸದೆ ಮೊಣಕೈಯಿಂದ ತಿವಿದಳು.

"ಅಯ್ಯೋ... ಸತ್ತೆ!"

ತಿರುಗಿದರೆ, ಉದ್ದನೆಯ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿದ್ದ.

"ತಲೆ ಕೆಟ್ಟಿದ್ಯಾ ನಿಂಗೆ? ಯಾರು ನೀನು?"

"ಲಿವಿಯೊ. ನಿನ್ನ ಪರೀಕ್ಷೆ ಉಳಿಸಿದೋನು! ಮಿನೆರ್ವಾ ಮುಖಾನೇ ನೋಡ್ತಾ ನಿಂತಿದ್ಯಲ್ಲ, ಪಾಸಾಗೋ ಆಸೆ ಇಲ್ವಾ?"

ವಿಶ್ವವಿದ್ಯಾಲಯದ ಬಿಳಿ ಆಡಳಿತ ಭವನದ ಮುಂದಿನ ಕೊಳದಲ್ಲಿ ಕೈಯೆತ್ತಿ ನಿಂತಿರುವ ಆ ಕಂಚಿನ ವಿದ್ಯಾದೇವತೆಯ ಕಣ್ಣು ನೋಡಿದವರು ಫೇಲಾಗುತ್ತಾರೆ ಎಂಬುದು ರೋಮ್‌ನ ವಿದ್ಯಾರ್ಥಿಗಳೆಲ್ಲರ ನಂಬಿಕೆ. ಪರೀಕ್ಷೆಯ ದಿನ ಎಂಥ ಧೈರ್ಯವಂತನೂ ಅಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಾನೆ.

"ಬೇಕಂತಲೇ ನೋಡ್ತಿದೀನಿ," ಎಂದಳು ಫ್ಲಾಮಿನಿಯಾ. "ಓದಿರೋದು ನಾನು, ಈ ಗೊಂಬೆ ಅಲ್ಲ!"

ಅವತ್ತು ಅವಳು ಪಾಸಾದಳು. ದೇವತೆಯತ್ತ ಕಣ್ಣೆತ್ತಿಯೂ ನೋಡದ ಲಿವಿಯೊ ಫೇಲಾದ!

ಅಲ್ಲಿಂದ ಇಬ್ಬರೂ ಜೊತೆಯಾದರು. ಮಧ್ಯಾಹ್ನ ಆ ದೊಡ್ಡ ಬಿಳಿ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಎಣ್ಣೆ-ಉಪ್ಪಷ್ಟೇ ಹಾಕಿದ ಒಂದೇ ಬಿಳಿ ಪಿಜ್ಜಾವನ್ನು ಹರಿದು ಹಂಚಿಕೊಂಡು ತಿನ್ನುವುದು ರೂಢಿಯಾಯಿತು. ಒಂದು ಸಲ ಅವಳು ಅವನನ್ನು ಊರೊಳಗಿನ ಹಳೇ ವಿದ್ಯಾಲಯದ ಅಂಗಳಕ್ಕೆ ಎಳೆದೊಯ್ದು, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಮೇಲೇರುವ ಗೋಪುರದ ತುದಿ ತೋರಿಸಿದಳು. ಅವನು ಗೋಪುರ ಬಿಟ್ಟು ಅವಳನ್ನೇ ನೋಡುತ್ತಿದ್ದ.

'ಹೇಳಬಾರದಾ ಬಾಯಿಬಿಟ್ಟು...' ಎಂದುಕೊಂಡಳು. ಅವನು ಹೇಳಲಿಲ್ಲ.

ಫ್ಲಾಮಿನಿಯಾಗೆ ಈ ಲೋಕದಲ್ಲಿ ಮೈ ಉರಿಯುವ ಪದ ಒಂದೇ: ಶಿಫಾರಸು. ಅಣ್ಣನಿಗೆ ಕೆಲಸ ಸಿಕ್ಕಿದ್ದು ಯಾರದೋ ಭಾವನಿಂದ. ಅಜ್ಜಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು ಪಾದ್ರಿಯ ಒಂದು ಫೋನಿನಿಂದ. "ಅಲ್ಲಿ ನಿನಗೆ ಯಾರು ಗೊತ್ತು?" ಎಂದು ಅತ್ತೆ ಕೇಳಿದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ತನ್ನ ಪದವಿಯಲ್ಲಿ ಬೇರೆಯವರ ಒಂದು ಬೆರಳೂ ಇರಕೂಡದು... ಇದು ಅವಳ ಹಟ.

ಜೂನ್ ತಿಂಗಳು. ಕಲಾ ಇತಿಹಾಸದ ಮೌಖಿಕ ಪರೀಕ್ಷೆ. ಸರದಿಗೆ ಕಾಯುತ್ತ ಕಾರಿಡಾರಿನಲ್ಲಿ ತಿರುಗುವಾಗ ಕಂಬದ ಆಚೆಯಿಂದ ಲಿವಿಯೊನ ದನಿ ಕೇಳಿತು.

"ಮಾವ, ಫ್ಲಾಮಿನಿಯಾ ವಿಷಯ... ನನಗೋಸ್ಕರ ಇದೊಂದು ಮಾಡಿ."

"ಆಯ್ತು ಮಾರಾಯ, ಮಾಡ್ತೀನಿ ಬಿಡು."

ಅವಳು ಇಣುಕಿ ನೋಡಿದಳು. ಆ ಮಾವ ಬೇರಾರೂ ಅಲ್ಲ, ಪರೀಕ್ಷಕ ಪ್ರೊಫೆಸರ್ ಕಪೊರಾಲಿ!

ಅವಳು ಸರಕ್ಕನೆ ಹಿಂದೆ ಸರಿದಳು. 'ಇಷ್ಟು ತಿಂಗಳು ಪಕ್ಕದಲ್ಲೇ ಕೂತು ಇದನ್ನು ಮುಚ್ಚಿಟ್ಟನಾ? ನನ್ನನ್ನೂ ಶಿಫಾರಸಿನ ಹುಡುಗಿ ಮಾಡಿಬಿಟ್ಟನಾ?'

ಅಷ್ಟರಲ್ಲೇ ಅವಳ ಹೆಸರು ಕೂಗಿದರು.

ಇಬ್ಬರು ಪರೀಕ್ಷಕರಲ್ಲಿ ಪ್ರಶ್ನೆ ಕೇಳಿದವರು ಪ್ರೊಫೆಸರ್ ಸಾಂತಾಕ್ರೋಚೆ. ನಗು ಕಂಡರಾಗದ ಹೆಂಗಸು.

"ನಾವು ಕೂತಿರೋ ಈ ಕಟ್ಟಡದ ಬಗ್ಗೆ ಹೇಳಿ."

"ಸರ್ವಾಧಿಕಾರದ ಕಾಲದಲ್ಲಿ ಕಟ್ಟಿದ್ದು, ಮೇಡಂ. ಇಷ್ಟೆತ್ತರದ ಕಂಬಗಳ ಎದುರು ಮನುಷ್ಯ ಇರುವೆ ಥರ ಕಾಣ್ಬೇಕು, ಬಾಯಿ ಮುಚ್ಕೊಂಡು ಸಾಲಾಗಿ ನಿಲ್ಬೇಕು ಅಂತ."

"ನಿಂತ್ರಾ?"

"ಇಲ್ಲ! ಮೆಟ್ಟಿಲ ಮೇಲೆ ಕೂತ್ವಿ, ತಿಂದ್ವಿ, ಜಗಳ ಆಡಿದ್ವಿ. ಕಟ್ಟಡ ಸೋತಿತು, ಮೇಡಂ."

ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಬೆಂಚುಗಳಲ್ಲಿ ಕೂತು ಕೇಳುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದಿದ್ದರು.

"ಮೂವತ್ತಕ್ಕೆ ಮೂವತ್ತು. ಒಪ್ಪಿಗೆನಾ?"

ಹಾಗೆ ಕೇಳುವುದು ಅಲ್ಲಿನ ಪದ್ಧತಿ. ಹದಿನೆಂಟೋ ಇಪ್ಪತ್ತೋ ಬಂದವರು 'ಬೇಡ' ಎಂದು ಎದ್ದು ಹೋಗಿ, ಮುಂದಿನ ಸಲ ಮತ್ತೆ ಕೂರಬಹುದು. ಆದರೆ ಮೂವತ್ತನ್ನು ಬೇಡ ಎಂದವರುಂಟೇ?

"ಬೇಡ!" ಎಂದಳು ಫ್ಲಾಮಿನಿಯಾ.

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಅವಳು ತಲೆಯೆತ್ತಿಕೊಂಡೇ ಹೊರಗೆ ನಡೆದಳು. ಲಿವಿಯೊ ಹಿಂದೆಯೇ ಓಡಿಬಂದ.

"ಏನೇ ಇದು! ಮೂವತ್ತನ್ನ ಯಾರಾದ್ರೂ ಬೇಡ ಅಂತಾರಾ?"

"ನಿಮ್ಮ ಮಾವನ ಭಿಕ್ಷೆ ನೀನೇ ಇಟ್ಕೋ! ಕೇಳಿಸ್ಕೊಂಡೆ ನಾನು, 'ನನಗೋಸ್ಕರ ಮಾಡಿ' ಅಂದಿದ್ದು!"

ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ ಹುಚ್ಚೀ... ಅವರು ನಿನ್ನ ಪರೀಕ್ಷೆ ಮಾಡ್ಬಾರ್ದು ಅಂತ ಬೇಡ್ಕೊಂಡೆ! ನಿನ್ನ ಹೆಸರು ಬಂದಾಗ ಎದ್ದು ಹೋಗಿ ಅಂದೆ. ಅವರ ಕುರ್ಚಿ ಖಾಲಿ ಇತ್ತಲ್ಲ, ನೋಡ್ಲಿಲ್ವಾ?"

ಫ್ಲಾಮಿನಿಯಾ ನೋಡಿರಲಿಲ್ಲ. ಸಿಟ್ಟಿನಲ್ಲಿ ಅವಳಿಗೆ ಯಾವ ಕುರ್ಚಿಯೂ ಕಂಡಿರಲಿಲ್ಲ.

"ಯಾಕೆ... ಯಾಕೆ ಹಾಗಂದೆ?"

"ಪ್ರೀತಿಸ್ತೀನಿ ನಿನ್ನ, ಅದಕ್ಕೆ! ನಾಳೆ ನಾವಿಬ್ರೂ ಒಟ್ಟಿಗೆ ಓಡಾಡಿದ್ರೆ, ಮಾವನೇ ಅಂಕ ಕೊಟ್ಟ ಅಂತ ಜನ ಆಡ್ಕೊಳ್ತಾರೆ. ಅದನ್ನ ನೀನು ತಡ್ಕೊಳ್ತೀಯಾ? ಅವರು ನನ್ನ ಮಾವ ಅಂತ ಮೊದ್ಲೇ ಹೇಳಿದ್ರೆ ನನ್ನನ್ನ ಹತ್ರಾನೂ ಸೇರಿಸ್ತಿರ್ಲಿಲ್ಲ ನೀನು..."

ಅವಳ ಕಣ್ಣು ತುಂಬಿತು. ಮರುಕ್ಷಣವೇ ದಾಪುಗಾಲಿಟ್ಟು ಎಲ್ಲರ ಎದುರೇ ಒಳಗೆ ಹೋದಳು.

"ಮೇಡಂ, ಆ ಮೂವತ್ತು ನನ್ನದು. ನನಗೆ ಬೇಕು."

"ಬೇಡ ಅಂದವರು ಯಾರು?"

"ನಾನೇ. ತಪ್ಪು ತಿಳ್ಕೊಂಡಿದ್ದೆ."

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಜುಲೈಗೆ ಬನ್ನಿ."

"ಬರ್ತೀನಿ. ಮತ್ತೆ ಮೂವತ್ತೇ ತಗೊಂಡು ಹೋಗ್ತೀನಿ, ಬರೆದಿಟ್ಕೊಳ್ಳಿ!"

ಬೆಂಚುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಾಂತಾಕ್ರೋಚೆ ಅವರ ತುಟಿಯ ಅಂಚು ಸ್ವಲ್ಪವೇ ಅಲುಗಿತು.

ಬಾಗಿಲಲ್ಲಿ ಲಿವಿಯೊ ತಲೆ ತಗ್ಗಿಸಿ ನಿಂತಿದ್ದ. "ನನ್ನಿಂದ ಎಲ್ಲಾ ಹಾಳಾಯ್ತು..."

"ನಿನ್ನಿಂದ ಏನೂ ಆಗಿಲ್ಲ ಕಣೋ. ಹುಟ್ಟಿದಾಗಿನಿಂದ ಎಲ್ಲರೂ ನನಗೋಸ್ಕರ ಯಾರ್‍ಯಾರಿಗೋ ಹೇಳಿದ್ರು. ಇವಳು ತಾನೇ ಗೆಲ್ತಾಳೆ ಅಂತ ನಂಬಿ, ಪಕ್ಕಕ್ಕೆ ಸರಿದು ನಿಂತೋನು ನೀನೊಬ್ಬನೇ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನನಗೂ ನಿನ್ನ ಮೇಲೆ ಪ್ರೀತಿ ಇದೆ... ಜುಲೈವರೆಗೂ ಹೀಗೇ ಪಕ್ಕದಲ್ಲಿ ಇರ್ತೀಯಾ? ಏನೂ ಮಾಡ್ದೆ?"

"ಏನೂ ಮಾಡ್ದೇನಾ? ಕಷ್ಟ..." ಅವನು ಮೆಲ್ಲನೆ ನಕ್ಕ. "ಕೈಯಾದ್ರೂ ಹಿಡ್ಕೋಬಹುದಾ?"

ಫ್ಲಾಮಿನಿಯಾ ತಾನೇ ಅವನ ಕೈ ಹಿಡಿದಳು.

"ಇದಕ್ಕೆ ಯಾರ ಶಿಫಾರಸೂ ಬೇಕಿಲ್ಲ."